ಬೇಲಿಯ ಹೊಣೆ

ಏಳೆಂಟು ವರ್ಷಗಳ ಹಿಂದಿನ ಮಾತು. ನೀರು ತುಂಬುವ ಹಬ್ಬದ ಹಿಂದಿನ ದಿನ ಹಂಡೆಯನ್ನು ಬೆಳಗಿಡೋಣವೆಂದು ನನ್ನ ತಾಯಿ ಹಿತ್ತಲಿನ ಬಚ್ಚಲುಮನೆಗೆ ಹೋದವರು ಹಾಗೆಯೇ ಹಿಂದಿರುಗಿ ಬಂದು, “ಹಂಡೆ ಇಲ್ಲ ಕಣೋ” ಎಂದರು. ತಾಮ್ರದ ಹಂಡೆ. ಅವರು ಮದುವೆಯಾಗಿ ಬಂದಾಗ ತವರಿನಿಂದ ಜೊತೆಗೆ ಬಂದದ್ದು. ಮನೆಗೆ ಗೀಸರು ಬಂದ ಮೇಲೆ ಅದಕ್ಕೂ ಒಲೆಗೂ ಸಂಬಂಧ ತಪ್ಪಿತ್ತು, ನಿಜ. ಆದರೂ ವರ್ಷಕ್ಕೊಮ್ಮೆ ಹುಣಿಸೆಹಣ್ಣಿನ ಮಜ್ಜನವಾಗಿ, ಸುಣ್ಣ ಕೆಮ್ಮಣ್ಣಿನ ಅಲಂಕಾರವಾಗಿ, ಕೊರಳಿಗೆ ಹಾಗಲಬಳ್ಳಿ ಸುತ್ತಿಸಿಕೊಂಡು ಅದು ಮನೆಯ ಹಿರಿಯರಂತೆ ಗಂಭೀರವಾಗಿ ಕುಳಿತಿರುತ್ತಿತ್ತು. ಅಂಥ ಹಂಡೆ ರಾತ್ರೋರಾತ್ರಿ ಗೋಡೆ ಹಾರಿ ಹೋಗಿತ್ತು.

ನಾನು ಪೋಲೀಸು ಠಾಣೆಗೆ ಹೋದೆ. ಯಾವ ಊರು, ಯಾವ ಠಾಣೆ ಎಂಬುದು ಇಲ್ಲಿ ಮುಖ್ಯವಲ್ಲ. ಮೆಟ್ಟಲು ಹತ್ತುವಾಗಲೇ ಅಂಗೈ ಬೆವರಿತು. ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತು ಪಾಠ ಹೇಳುತ್ತ ಬಂದವನು, ವಸ್ತು ಕಳೆದುಕೊಂಡವನು, ಕದ್ದವನಂತೆ ಬಾಗಿಲಲ್ಲಿ ನಿಂತಿದ್ದೆ. ಒಳಗಿದ್ದ ರೈಟರ್ ಒರಟನೇನಲ್ಲ. “ಹಳೇ ಹಂಡೆಗೆಲ್ಲ ಕೇಸು ಯಾಕೆ ಮೇಷ್ಟ್ರೇ? ಒಂದು ಅರ್ಜಿ ಕೊಟ್ಟು ಹೋಗಿ, ಸಿಕ್ಕಿದರೆ ಹೇಳಿಕಳಿಸ್ತೀವಿ” ಎಂದ. ನಾನು ಅರ್ಜಿ ಬರೆದುಕೊಟ್ಟೆ. ಅದರಲ್ಲಿ ಒಂದು ಕಾಗುಣಿತದ ತಪ್ಪೂ ಇರಲಿಲ್ಲವೆಂಬುದೇ ನನಗೆ ಉಳಿದ ಸಮಾಧಾನ. ಅರ್ಜಿ ತಲುಪಿತೆಂಬುದಕ್ಕೆ ಒಂದು ಚೀಟಿಯನ್ನು ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಮನೆಗೆ ಬಂದಾಗ ತಾಯಿ ಕೇಳಿದರು: “ಹೋದದ್ದಕ್ಕೆ ಹೊಣೆ ಯಾರಂತೆ?” “ಯಾರೂ ಅಲ್ಲಮ್ಮ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ತಾತನ ಕಾಲದಲ್ಲಾಗಿದ್ದರೆ ತಳವಾರನನ್ನು ಕೇಳುತ್ತಿದ್ದರು” ಎಂದು ಎದ್ದುಹೋದರು.

ಕನ್ನಡ ಮೇಷ್ಟರಿಗೆ ಒಂದು ಹಳೆಯ ಮಾತು ಸಿಕ್ಕಿದರೆ ಕಳೆದ ಹಂಡೆಯೂ ಮರೆತುಹೋಗುತ್ತದೆ. ‘ತಳವಾರ’ ಎಂಬುದು ಅಂಥ ಮಾತು. ಶಾಸನಗಳಲ್ಲಿ ‘ತಳಾರ’ ಎಂದೂ ಕಾಣುತ್ತದೆ. ಊರಿನ ಕಾವಲು ಅವನದು. ಪಟೇಲ, ಶಾನುಭೋಗ, ತೋಟಿ, ನೀರಗಂಟಿ, ಬಡಗಿ, ಕಮ್ಮಾರ ಮೊದಲಾದ ಆಯಗಾರರ ಸಾಲಿನಲ್ಲಿ ಅವನೂ ಒಬ್ಬ. ಸುಗ್ಗಿಯ ಕಾಲದಲ್ಲಿ ಕಣದಲ್ಲಿ ರಾಶಿ ಅಳೆಯುವಾಗ ಅವನ ಪಾಲಿನ ಆಯವನ್ನು ಎತ್ತಿಕೊಡುತ್ತಿದ್ದರು. ಅವನ ಸಂಬಳ ದೂರದ ಖಜಾನೆಯಿಂದ ಬರುತ್ತಿರಲಿಲ್ಲ. ಅವನು ಕಾದ ಹೊಲದಿಂದಲೇ ಬರುತ್ತಿತ್ತು. ಕಳವಾದರೆ ಕಳ್ಳನ ಹೆಜ್ಜೆಯ ಜಾಡು ಹಿಡಿದು ಹೋಗಬೇಕಾದವನು ಅವನು. ಜಾಡು ಊರಿನ ಎಲ್ಲೆ ದಾಟಿ ಮುಂದಿನ ಊರಿಗೆ ಹೋಯಿತೆಂದು ತೋರಿಸಿಕೊಟ್ಟರೆ ಇವನು ಬಿಡುಗಡೆ. ಹೊಣೆ ಆ ಊರಿನ ಕಾವಲಿನವನ ಹೆಗಲಿಗೆ. ಜಾಡು ಊರೊಳಗೇ ನಿಂತಿತೋ, ನಷ್ಟವನ್ನು ಕಾವಲಿನವರೋ ಊರಿನವರೋ ಕಟ್ಟಿಕೊಡಬೇಕು. ನಮ್ಮ ದೇಶದ ಅನೇಕ ಸೀಮೆಗಳಲ್ಲಿ ಬೇರೆ ಬೇರೆ ಹೆಸರಿನಿಂದ ಈ ಕಟ್ಟಳೆ ನಡೆದುಬಂದಿತ್ತು.

ಇದು ಬರಿಯ ಹಳ್ಳಿಯ ವಾಡಿಕೆಯಲ್ಲ. ಇದಕ್ಕೆ ಶಾಸ್ತ್ರದ ಆಧಾರವೂ ಉಂಟು. ಆ ಶಾಸ್ತ್ರಕ್ಕೆ ವ್ಯಾಖ್ಯಾನ ಬರೆದವನು ನಮ್ಮ ನಾಡಿನಲ್ಲೇ ಕುಳಿತು ಬರೆದ ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಚಾಲುಕ್ಯರ ರಾಜಧಾನಿಯಾದ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯೆಯನ್ನು ರಚಿಸಿದನು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ನನ್ನ ತಾಯಿಯ ಪ್ರಶ್ನೆಗೆ ನೇರವಾದ ಉತ್ತರವಿದೆ. ಊರಿನಲ್ಲಿ ಕೊಲೆಯೋ ಕಳವೋ ನಡೆದು, ಅಪರಾಧಿಯ ಜಾಡು ಹೊರಗೆ ಹೋಗದಿದ್ದರೆ ತಪ್ಪು ಗ್ರಾಮದ ಒಡೆಯನದು. ದಾರಿಯಲ್ಲಿ ನಡೆದರೆ ಅಲ್ಲಿಯ ಹುಲ್ಲುಗಾವಲಿನ ಅಧಿಕಾರಿಯದು. ಅದೂ ಇಲ್ಲದ ಕಡೆ, ಕಳ್ಳರನ್ನು ಹಿಡಿಯಲೆಂದೇ ನೇಮಕಗೊಂಡವನದು. ಎಲ್ಲೆಯೊಳಗೆ ನಡೆದದ್ದಕ್ಕೆ ಆ ಊರು ತೆರಬೇಕು, ಇಲ್ಲವೇ ಹೆಜ್ಜೆ ಹೋಗಿ ಸೇರಿದ ಊರು. ಊರುಗಳ ನಡುವಣ ಬಯಲಿನಲ್ಲಾದರೆ ಸುತ್ತಣ ಐದು ಊರೋ ಹತ್ತು ಊರೋ ಕೂಡಿ ತೆರಬೇಕು. ಇದೆಲ್ಲಕ್ಕೂ ಮೇಲೆ ಇನ್ನೊಂದು ಮಾತು: ಕಳ್ಳರು ಕದ್ದೊಯ್ದ ದ್ರವ್ಯವನ್ನು ಪ್ರಜೆಗೆ ಕೊಡಿಸಬೇಕಾದವನು ರಾಜನೇ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಇದೇ ಬಗೆಯ ಏರ್ಪಾಡಿದೆ. ಮರೆತುಹೋಗಿದ್ದ ಆ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಇವೆಲ್ಲ ಗ್ರಂಥದ ಬದನೆಕಾಯಿ ಎಂದು ಯಾರಾದರೂ ಹೇಳಿಯಾರು. ಅಂಥವರು ಫೆರ್ನಾವ್ ನೂನಿಜನ ಬರಹವನ್ನು ನೋಡಬೇಕು. ಈ ಪೋರ್ಚುಗೀಸನು ಅಚ್ಯುತರಾಯನ ಆಳ್ವಿಕೆಯಲ್ಲಿ, ಸುಮಾರು 1535ರ ಹೊತ್ತಿಗೆ ವಿಜಯನಗರದಲ್ಲಿದ್ದವನು. ಇಂಥ ದಾರಿಯಲ್ಲಿ ನನ್ನನ್ನು ದೋಚಿದರೆಂದು ಯಾರಾದರೂ ಬಂದು ದೂರಿಕೊಂಡರೆ, ಅರಸನು ಆ ಸೀಮೆಯ ನಾಯಕನನ್ನು ಒಡನೆಯೇ ಕರೆಸುತ್ತಿದ್ದನೆಂದೂ, ಕಳ್ಳನನ್ನು ಹಿಡಿಯದಿದ್ದರೆ ನಾಯಕನೇ ಸೆರೆಯಾಗಿ ಅವನ ಆಸ್ತಿ ಹೋಗುತ್ತಿತ್ತೆಂದೂ, ರಾಜಧಾನಿಯ ಕಳವುಗಳಿಗೆ ಅಲ್ಲಿಯ ಕಾವಲಿನ ಮುಖ್ಯಾಧಿಕಾರಿ ಹಾಗೆಯೇ ಲೆಕ್ಕ ಕೊಡಬೇಕಾಗಿತ್ತೆಂದೂ ಅವನು ಬರೆದಿದ್ದಾನೆ.

ಇಷ್ಟನ್ನು ಹೇಳಿ, ಅಂದು ಎಲ್ಲವೂ ಚೆನ್ನಾಗಿತ್ತು, ಇಂದು ಎಲ್ಲವೂ ಕೆಟ್ಟಿತು ಎಂದು ನಿಟ್ಟುಸಿರು ಬಿಡುವುದು ಸುಲಭ. ನನಗೆ ಆ ನಿಟ್ಟುಸಿರಿನಲ್ಲಿ ನಂಬಿಕೆಯಿಲ್ಲ. ತಳವಾರ ಯಾರಿಗೆ ಹೊಣೆಯಾಗಿದ್ದ? ಕಣದಲ್ಲಿ ಅವನಿಗೆ ಆಯ ಅಳೆದವರಿಗೆ. ಕಣವೇ ಇಲ್ಲದವನಿಗೆ, ಊರ ಹೊರಗಿನ ಕೇರಿಯವನಿಗೆ, ಕಳೆದುಕೊಳ್ಳುವುದಕ್ಕೆ ಮಾನ ಒಂದುಳಿದು ಬೇರೇನೂ ಇಲ್ಲದವನಿಗೆ ಆ ಲೆಕ್ಕದಲ್ಲಿ ಸ್ಥಳವಿರಲಿಲ್ಲ. ಕಳವಾದಾಗ ಮೊದಲ ಅನುಮಾನ ಬೀಳುತ್ತಿದ್ದದ್ದೂ ಅವನ ಮೇಲೆಯೇ. ದಂಡ ತೆರುವ ಭಯಕ್ಕೆ ಯಾರನ್ನೋ ಒಬ್ಬನನ್ನು ಕಳ್ಳನೆಂದು ಹಿಡಿದುಕೊಟ್ಟು ಕೈತೊಳೆದುಕೊಂಡ ಕಾವಲಿನವರು ಇದ್ದಿರಲಾರರೇ? ಕಾವಲಿನ ಹೆಸರಿನಲ್ಲಿ ಊರೂರನ್ನೇ ಸುಲಿದ ಪಾಳೆಯಗಾರರೂ ಇದ್ದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಂಗ್ಲೀಷರು ಬಂದ ಮೇಲೆ ಹುಟ್ಟಿದ್ದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರೇ ಈ ಹೋಲಿಕೆಯನ್ನು ತಮ್ಮ ವಚನದಲ್ಲಿ ಬಳಸಿದ್ದಾರೆ. ಆದ್ದರಿಂದ ಹಳೆಯ ಏರ್ಪಾಡನ್ನು ಮರಳಿ ತರಬೇಕೆಂಬುದು ನನ್ನ ಮಾತಲ್ಲ. ಆದರೆ ಅದರೊಳಗೆ ಒಂದು ತತ್ತ್ವವಿತ್ತು: ಕಾಯುವವನು ಕಾಯಿಸಿಕೊಳ್ಳುವವನಿಗೆ ಲೆಕ್ಕ ಕೊಡಬೇಕು. ಆ ಎಳೆ ಎಲ್ಲಿ ಕಡಿಯಿತು ಎಂಬುದಷ್ಟೇ ನನ್ನ ಪ್ರಶ್ನೆ.

ಕುಂಪಣಿ ಸರ್ಕಾರ ಬಂದಿತು. ಅವರ ನ್ಯಾಯಸ್ಥಾನಗಳಿಗೆ ಹಿಂದೂಗಳ ದಾಯಭಾಗದ ಕಟ್ಟಳೆ ಬೇಕಾಗಿತ್ತು. ಕೋಲ್‌ಬ್ರೂಕ್ ಎಂಬ ವಿದ್ವಾಂಸ 1810ರಲ್ಲಿ ಮಿತಾಕ್ಷರೆಯ ಆ ಒಂದು ಪ್ರಕರಣವನ್ನು ಇಂಗ್ಲೀಷಿಗೆ ತಂದ. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವ ವಿಷಯದಲ್ಲಿ ನಮ್ಮ ವಿಜ್ಞಾನೇಶ್ವರ ದೇಶದ ದೊಡ್ಡ ಭಾಗಕ್ಕೆಲ್ಲ ಪ್ರಮಾಣವಾದ. ಕಳವಾದುದನ್ನು ದೊರೆ ತುಂಬಿಕೊಡಬೇಕೆಂಬ ಪ್ರಕರಣ ಮಾತ್ರ ಹಾಗೆಯೇ ಉಳಿಯಿತು. ಪ್ರಜೆಗಳು ತಮ್ಮತಮ್ಮೊಳಗೆ ಹೇಗಿರಬೇಕೆಂಬುದಕ್ಕೆ ಶಾಸ್ತ್ರ ಬೇಕಾಯಿತು; ದೊರೆ ಪ್ರಜೆಗೆ ಏನು ಕೊಡಬೇಕೆಂಬುದಕ್ಕೆ ಬೇಕಾಗಲಿಲ್ಲ.

ಮದರಾಸು ಪ್ರಾಂತದಲ್ಲಿ 1816ರ ಕಾನೂನುಗಳಿಂದ ಕಂದಾಯದ ಕಲೆಕ್ಟರನೇ ಮ್ಯಾಜಿಸ್ಟ್ರೇಟನಾದ. ಅವನ ಕೈಕೆಳಗಿನ ತಹಸೀಲ್ದಾರನೇ ಪೋಲೀಸಿನ ಮುಖ್ಯಸ್ಥನಾದ. ತೆರಿಗೆ ಎತ್ತುವ ಕೈಯೂ ಲಾಠಿ ಹಿಡಿಯುವ ಕೈಯೂ ಒಂದೇ ಆಯಿತು. ಇದರ ಫಲವೇನೆಂಬುದು ಸುಮಾರು ನಾಲ್ವತ್ತು ವರ್ಷಗಳ ಮೇಲೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಪ್ರಸ್ತಾಪವಾಗಿ, 1854ರಲ್ಲಿ ಒಂದು ವಿಚಾರಣಾ ಮಂಡಳಿ ನೇಮಕವಾಯಿತು. ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರು ಅದರ ಸದಸ್ಯರು. ಚಿತ್ರಹಿಂಸೆಯ ವಿಚಾರಣೆಗೆಂದೇ ಕೂತ ಮಂಡಳಿ ಅದು. ಆಗ ಕನ್ನಡ ಜಿಲ್ಲೆ, ಬಳ್ಳಾರಿ ಎರಡೂ ಮದರಾಸಿಗೆ ಸೇರಿದ್ದುವಾದ್ದರಿಂದ ಇದು ನಮ್ಮ ಚರಿತ್ರೆಯೂ ಹೌದು. ಮಂಡಳಿಗೆ ಬಂದ ದೂರುಗಳು 1,959. ಅವುಗಳಲ್ಲಿ 519 ಮಂದಿ ಸ್ವತಃ ಬಂದು ಹೇಳಿಕೊಂಡವರು. ರೈಲು ಇನ್ನೂ ಬಾರದಿದ್ದ ಆ ಕಾಲದಲ್ಲಿ ಬಡ ರೈತರು ನೂರಾರು ಮೈಲಿ ನಡೆದು ಮದರಾಸಿಗೆ ಹೋಗಿದ್ದರು.

ಅವರು ಹೇಳಿಕೊಂಡದ್ದನ್ನು ಇಲ್ಲಿ ವಿಸ್ತರಿಸಲಾರೆ. ಮರದ ಹಲಗೆಗಳ ನಡುವೆ ಬೆರಳುಗಳನ್ನಿಟ್ಟು ಅದುಮುವ ಕಿಟ್ಟಿ. ಮನುಷ್ಯನನ್ನು ಬಗ್ಗಿಸಿ ಅವನ ಬಟ್ಟೆಯಿಂದಲೇ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವ ಅನಂದಾಲ್. ಇವು ಎರಡು ಹೆಸರು ಸಾಕು. ಕೆಲವು ರೂಪಾಯಿಗಳ ಕಂದಾಯಕ್ಕಾಗಿ, ಇಲ್ಲವೇ ಕಳವನ್ನು ಒಪ್ಪಿಸುವುದಕ್ಕಾಗಿ ಇವು ನಡೆಯುತ್ತಿದ್ದುವು. ಇದನ್ನು ಮಾಡಿದವರು ಹೆಚ್ಚಾಗಿ ನಮ್ಮವರೇ, ಮಾಡಿಸಿಕೊಂಡವರೂ ನಮ್ಮವರೇ. ಆದರೆ 1855ರ ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಹಿಂಸೆಯ ವರ್ಣನೆಯಲ್ಲ. ನೊಂದವನಿಗೆ ಪರಿಹಾರ ಸಿಕ್ಕುವುದು ಎಷ್ಟು ಕಷ್ಟವೆಂಬುದನ್ನು ಮಂಡಳಿ ವಿಶೇಷವಾಗಿ ಎತ್ತಿ ಹೇಳಿತು. ಕಲೆಕ್ಟರನ ಬಳಿಗೆ ಹೋಗಲು ದಾರಿ ದೂರ, ಖರ್ಚು ಬಹಳ. ಹೋದರೂ ಪ್ರಯೋಜನವೇನು? ಕೊಟ್ಟ ಅರ್ಜಿಯ ಮೇಲೆ ‘ತಹಸೀಲ್ದಾರರಿಗೆ ಕಳಿಸಿದೆ’ ಎಂಬ ಷರಾ ಬಿದ್ದು, ಅದು ಯಾರ ಮೇಲಿನ ದೂರೋ ಅವನ ಕೈಗೇ ಬಂದು ಸೇರುವುದೆಂದು ಜನರಿಗೆ ಗೊತ್ತಿತ್ತು. ಕಾರ್ಲ್ ಮಾರ್ಕ್ಸ್ 1857ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ಈ ವರದಿಯನ್ನೇ ಆಧಾರವಾಗಿಟ್ಟುಕೊಂಡಿದ್ದಾನೆ.

ಇದನ್ನೋದಿದ ದಿನ ನನ್ನ ಅರ್ಜಿಯ ನೆನಪಾಯಿತು. ನನ್ನ ಹಂಡೆಗೂ ಆ ರೈತರ ಬೆರಳುಗಳಿಗೂ ಹೋಲಿಕೆಯಿಲ್ಲ, ಬಲ್ಲೆ. ಆದರೆ ಅಂಗೈಯ ಬೆವರು ಎಲ್ಲಿಂದ ಬಂದಿತೆಂಬುದು ಅಂದು ಸ್ವಲ್ಪ ತಿಳಿದಂತಾಯಿತು.

ಆ ವರದಿಯ ಮೇಲೆ ಸುಧಾರಣೆಯೇನೋ ನಡೆಯಿತು. ಮದರಾಸಿನಲ್ಲಿ 1859ರಲ್ಲಿ, ದೇಶದ ಉಳಿದ ಭಾಗಗಳಿಗೆ ಅನ್ವಯಿಸುವಂತೆ 1861ರಲ್ಲಿ ಪೋಲೀಸು ಕಾಯಿದೆಗಳು ಬಂದುವು. ಕಂದಾಯದಿಂದ ಪೋಲೀಸು ಬೇರೆಯಾಯಿತು, ಸಮವಸ್ತ್ರ ಬಂದಿತು, ದರ್ಜೆಗಳಾದುವು. ಆದರೆ ಯಾವ ಮಾದರಿಯ ಪೋಲೀಸು? ಇಂಗ್ಲೀಷರು ತಮ್ಮ ದೇಶದಲ್ಲಿ ಒಂದು ಮಾದರಿಯನ್ನು ಕಟ್ಟಿಕೊಂಡಿದ್ದರು. 1829ರಲ್ಲಿ ರಾಬರ್ಟ್ ಪೀಲ್ ಲಂಡನ್ನಿನಲ್ಲಿ ಸ್ಥಾಪಿಸಿದ ಪಡೆ ಬಂದೂಕಿಲ್ಲದೆ, ಸೈನಿಕರಂತೆ ಕಾಣದ ನೀಲಿಯ ಉಡುಪಿನಲ್ಲಿ ಬೀದಿ ಸುತ್ತುತ್ತಿತ್ತು. 1835ರ ಶಾಸನದಿಂದ ಇಂಗ್ಲೆಂಡಿನ ಪಟ್ಟಣಗಳಲ್ಲಿ ಪುರಸಭೆಯ ಸದಸ್ಯರ ಸಮಿತಿಯೇ ಕಾವಲಿನವರನ್ನು ನೇಮಿಸುವ, ತೆಗೆದುಹಾಕುವ ಅಧಿಕಾರ ಪಡೆಯಿತು. ಇನ್ನೊಂದು ಮಾದರಿ, ಅವರು ಆಳುತ್ತಿದ್ದ ಐರ್ಲೆಂಡಿನದು: ಬಂದೂಕು ಹಿಡಿದು ಬಿಡಾರಗಳಲ್ಲಿ ವಾಸಿಸುವ, ತನ್ನ ಸ್ವಂತ ಸೀಮೆಯಲ್ಲಿ ನಿಯಮಿಸಲ್ಪಡದ, ಮೇಲಿನ ಸರ್ಕಾರಕ್ಕಷ್ಟೇ ಉತ್ತರ ಹೇಳುವ ಪಡೆ. ನಮಗೆ ಕೊಟ್ಟದ್ದು ಹೆಚ್ಚಾಗಿ ಆ ಎರಡನೆಯದರ ಅಚ್ಚು. 1857ರ ದಂಗೆ ಆಗತಾನೆ ಆರಿತ್ತು. ಆಳುವವರಿಗೆ ಬೇಕಾದದ್ದು ಪ್ರಜೆಯ ಹಂಡೆ ಕಾಯುವವನಲ್ಲ. ಪ್ರಜೆಯನ್ನೇ ಕಾದು ಕುಳಿತಿರುವವನು.

ಎಳೆ ಕಡಿದದ್ದು ಇಲ್ಲಿ. ಹೊಸ ಕಾನ್‌ಸ್ಟೇಬಲನು ದಫೇದಾರನಿಗೆ, ದಫೇದಾರನು ಇನ್‌ಸ್ಪೆಕ್ಟರನಿಗೆ, ಅವನು ಸೂಪರಿಂಟೆಂಡೆಂಟನಿಗೆ, ಹೀಗೆ ಮೇಲುಮೇಲಕ್ಕೆ ಎಲ್ಲರೂ ಲೆಕ್ಕ ಕೊಡುವವರೇ. ಕೆಳಗಿರುವ ಊರಿನ ಕಡೆಗೆ ತಿರುಗಿ ಲೆಕ್ಕ ಕೊಡುವ ಏರ್ಪಾಡು ಮಾತ್ರ ಇಲ್ಲ. ಪೋಲೀಸಿನ ಮೇಲೆ ದಾವೆ ಹೂಡುವವನು ಮೂರು ತಿಂಗಳೊಳಗೆ ಹೂಡಬೇಕು, ಒಂದು ತಿಂಗಳು ಮುಂಚೆ ನೋಟೀಸು ಕೊಡಬೇಕು. ಆ ಕಾಯಿದೆಯ 15ನೆಯ ಕಲಮನ್ನು ನೋಡಿ: ಗಲಭೆಯ ಸೀಮೆಯಲ್ಲಿ ಸರ್ಕಾರ ಹೆಚ್ಚಿನ ಪೋಲೀಸನ್ನು ಇಳಿಸಿ ಅದರ ವೆಚ್ಚವನ್ನು ಅಲ್ಲಿಯ ನಿವಾಸಿಗಳಿಂದಲೇ ವಸೂಲು ಮಾಡಬಹುದು. ಹಿಂದೆ ಕಾವಲು ತಪ್ಪಿದರೆ ಕಾವಲಿನವನು ಊರಿಗೆ ತೆರುತ್ತಿದ್ದ; ಈಗ ಊರು ಕಾವಲಿನವನಿಗೆ ತೆರಬೇಕಾಯಿತು. ಲೆಕ್ಕದ ಪುಸ್ತಕ ತಲೆಕೆಳಗಾಯಿತು.

ತಾವು ಕಟ್ಟಿದ ಬೇಲಿಯಲ್ಲಿ ಅವರಿಗೂ ನಂಬಿಕೆಯಿರಲಿಲ್ಲವೆಂಬುದೇ ವಿಚಿತ್ರ. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು, ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಹಿಡಿಯಕೂಡದೆಂದು ಹೇಳಿತು. ಆ ಒಪ್ಪಿಗೆಯನ್ನು ಹೇಗೆ ಪಡೆಯುತ್ತಾರೆಂಬುದು ಕಾನೂನು ಬರೆದವರಿಗೆ ತಿಳಿದಿತ್ತು. ಆ ಅಧಿನಿಯಮ ಹೋಗಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದೆ. ಅದರ 23ನೆಯ ಕಲಮಿನಲ್ಲಿ ಅದೇ ಅಪನಂಬಿಕೆ ಭದ್ರವಾಗಿ ಕುಳಿತಿದೆ. 1902-03ರಲ್ಲಿ ಫ್ರೇಜರ್ ಎಂಬವರ ಅಧ್ಯಕ್ಷತೆಯ ಆಯೋಗ ದೇಶದ ಪೋಲೀಸನ್ನು ಪರೀಕ್ಷಿಸಿ, ಅದು ದಕ್ಷವಲ್ಲ, ಭ್ರಷ್ಟವೂ ದಬ್ಬಾಳಿಕೆಯದೂ ಎಂದು ಜನ ಭಾವಿಸಿದ್ದಾರೆ, ಜನರ ವಿಶ್ವಾಸ ಗಳಿಸುವುದರಲ್ಲಿ ಅದು ಪೂರ್ತಿ ಸೋತಿದೆ ಎಂದು ಬರೆಯಿತು. ಹೀಗೆ ಬರೆದದ್ದು ಸರ್ಕಾರದ್ದೇ ಆಯೋಗ.

ಸ್ವಾತಂತ್ರ್ಯ ಬಂದಿತು. ಬಂದ ಒಂದು ತಿಂಗಳಿಗೆ, 1947ರ ಸೆಪ್ಟೆಂಬರ್ 20ರಂದು, ಅಮೃತಸರದ ಚಿನಿವಾರ ಅಂಗಡಿಯ ಪಾಲುದಾರರೊಬ್ಬರು ಚಿನ್ನಬೆಳ್ಳಿ ಮಾರಲೆಂದು ಮೀರಠಕ್ಕೆ ಬಂದರು. ಪೋಲೀಸರು ಅನುಮಾನದ ಮೇಲೆ ಅವರನ್ನು ಹಿಡಿದು, ಅವರಲ್ಲಿದ್ದ ನೂರಮೂರು ತೊಲೆಗೂ ಮಿಕ್ಕ ಚಿನ್ನವನ್ನೂ ಬೆಳ್ಳಿಯನ್ನೂ ವಶಪಡಿಸಿಕೊಂಡರು. ಮರುದಿನ ಅವರಿಗೆ ಜಾಮೀನು ಸಿಕ್ಕಿತು, ಅನಂತರ ಬೆಳ್ಳಿಯೂ ಮರಳಿತು. ಚಿನ್ನ ಮರಳಲಿಲ್ಲ. ಠಾಣೆಯ ಉಗ್ರಾಣದ ಮೇಲಿದ್ದ ಹೆಡ್ ಕಾನ್‌ಸ್ಟೇಬಲನೇ ಅದನ್ನೆತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋಗಿದ್ದ. ‘ಕಸ್ತೂರಿಲಾಲ್ ರಲಿಯಾ ರಾಮ್ ಜೈನ್’ ಎಂಬ ಆ ಅಂಗಡಿಯ ದಾವೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಪೋಲೀಸರು ಅಜಾಗರೂಕತೆಯಿಂದ ನಡೆದುಕೊಂಡರೆಂಬುದನ್ನು ನ್ಯಾಯಾಲಯ ಒಪ್ಪಿತು. ಆದರೆ ಹಿಡಿಯುವುದು, ವಶಪಡಿಸಿಕೊಳ್ಳುವುದು ರಾಜ್ಯದ ಸಾರ್ವಭೌಮ ಕಾರ್ಯ. ಅದರಲ್ಲಾದ ನಷ್ಟಕ್ಕೆ ರಾಜ್ಯ ಹೊಣೆಯಲ್ಲ ಎಂದು 1964ರಲ್ಲಿ ತೀರ್ಪಾಯಿತು. ಇದಕ್ಕೆ ಆಧಾರವಾದದ್ದು ಕುಂಪಣಿಯ ಕಾಲದ ಹೊಣೆಗಾರಿಕೆಯನ್ನು ಕುರಿತ 1861ರ ಕಲ್ಕತ್ತೆಯ ಒಂದು ತೀರ್ಪು. ಮುಖ್ಯ ನ್ಯಾಯಾಧೀಶರಾದ ಗಜೇಂದ್ರಗಡ್ಕರರಿಗೂ ಇದು ಸಮಾಧಾನ ತರಲಿಲ್ಲ. ಶಾಸನಸಭೆ ಹೊಸ ಕಾನೂನು ಮಾಡಬೇಕೆಂದು ಸೂಚಿಸಿದರು. ಮಸೂದೆಗಳು ಮಂಡನೆಯಾದುವು, ಕಾನೂನು ಇಂದಿಗೂ ಆಗಿಲ್ಲ. ಕಳ್ಳ ಕದ್ದದ್ದನ್ನೂ ದೊರೆ ತುಂಬಿಕೊಡಬೇಕೆಂದ ಸ್ಮೃತಿಯ ನಾಡಿನಲ್ಲಿ, ದೊರೆಯ ಆಳೇ ಕದ್ದದ್ದಕ್ಕೆ ದೊರೆ ಹೊಣೆಯಲ್ಲವೆಂದಾಯಿತು.

ಎಳೆಯನ್ನು ಮತ್ತೆ ಕಟ್ಟುವ ಕೆಲಸ ನಿಧಾನವಾಗಿ ನಡೆಯಿತು. ಅದರಲ್ಲಿ ಒಂದು ಗಂಟು ನಮ್ಮ ರಾಜ್ಯದ್ದು. ‘ಬಸವ್ವ ಪಾಟೀಲ ವಿರುದ್ಧ ಮೈಸೂರು ರಾಜ್ಯ’ ಎಂಬ ಮೊಕದ್ದಮೆಯಲ್ಲಿ, ಒಬ್ಬ ಹೆಣ್ಣುಮಗಳ ಮನೆಯಿಂದ ಕಳುವಾದ ಒಡವೆಗಳು ಪತ್ತೆಯಾಗಿ, ಪೋಲೀಸರ ವಶದಲ್ಲಿದ್ದಾಗಲೇ ಮತ್ತೆ ಕಾಣೆಯಾಗಿದ್ದುವು. ಎಚ್ಚರಿಕೆಯಿಂದ ಕಾದೆವೆಂದು ರಾಜ್ಯ ತೋರಿಸಿಕೊಡದಿದ್ದರೆ ಅದರ ಬೆಲೆಯನ್ನು ಕಟ್ಟಿಕೊಡಲೇಬೇಕೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ತಳವಾರನ ಹಳೆಯ ನ್ಯಾಯ ಇದೇ ಅಲ್ಲವೇ?

ಒಡವೆಯ ಮಾತು ಹೀಗಾದರೆ ಜೀವದ ಮಾತು? 1987ರ ಡಿಸೆಂಬರಿನಲ್ಲಿ ಒಡಿಶಾದ ಸುಮನ್ ಬೆಹೆರಾ ಎಂಬ ಇಪ್ಪತ್ತೆರಡು ವರ್ಷದ ಹುಡುಗನನ್ನು ಕಳವಿನ ವಿಚಾರಣೆಗೆಂದು ಪೋಲೀಸರು ಕರೆದೊಯ್ದರು. ಮರುದಿನ ಅವನ ದೇಹ ರೈಲು ಹಳಿಯ ಮೇಲೆ ಸಿಕ್ಕಿತು. ಅವನ ತಾಯಿ ನೀಲಾಬತಿ ಬೆಹೆರಾ ಸರ್ವೋಚ್ಚ ನ್ಯಾಯಾಲಯಕ್ಕೆ ಒಂದು ಕಾಗದ ಬರೆದರು. ಕಾಗದವನ್ನೇ ಅರ್ಜಿಯೆಂದು ಸ್ವೀಕರಿಸಿದ ನ್ಯಾಯಾಲಯ, 1993ರಲ್ಲಿ, ಜೀವದ ಹಕ್ಕಿಗೆ ಧಕ್ಕೆಯಾದ ಕಡೆ ಸಾರ್ವಭೌಮತ್ವದ ಮರೆಯಲ್ಲಿ ರಾಜ್ಯ ಅಡಗುವಂತಿಲ್ಲವೆಂದು ತೀರ್ಪಿತ್ತು, ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಮಗನಿಗೆ ಅದು ಬೆಲೆಯಲ್ಲ. ಆದರೆ ಮದರಾಸಿಗೆ ನಡೆದುಹೋದ ರೈತರಿಗೆ ಸಿಗದಿದ್ದದ್ದು ಆ ತಾಯಿಗೆ ಸಿಕ್ಕಿತು: ದೂರು ದೂರಿನ ಮನುಷ್ಯನ ಕೈಗೇ ಹೋಗಿ ಬೀಳಲಿಲ್ಲ. ಕಣವಿಲ್ಲದವಳಿಗೂ ಲೆಕ್ಕ ಒಪ್ಪಿಸಬೇಕಾಯಿತು. ಈ ಒಂದು ವಿಷಯದಲ್ಲಿ ನಮ್ಮ ಸಂವಿಧಾನ ಸ್ಮೃತಿಗಿಂತ ದೊಡ್ಡದು.

ಇದರ ಬೆನ್ನಲ್ಲೇ ಡಿ. ಕೆ. ಬಸು ಅವರ ಮೊಕದ್ದಮೆಯಲ್ಲ��� 1996ರ ಡಿಸೆಂಬರಿನಲ್ಲಿ ಹನ್ನೊಂದು ನಿಯಮಗಳು ಬಂದುವು: ಹಿಡಿಯುವ ಪೋಲೀಸನ ಎದೆಯ ಮೇಲೆ ಹೆಸರಿರಬೇಕು, ಹಿಡಿದ ಸಂಗತಿಗೆ ಸಾಕ್ಷಿಯ ಸಹಿಯಿರಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯರ ಪರೀಕ್ಷೆಯಾಗಬೇಕು. ಕಳವಿನಂಥ ಅಪರಾಧದ ದೂರು ಬಂದರೆ ದಾಖಲಿಸಲೇಬೇಕೆಂದು 2013ರಲ್ಲಿ ಲಲಿತಾ ಕುಮಾರಿ ಮೊಕದ್ದಮೆಯಲ್ಲಿ ಐವರು ನ್ಯಾಯಾಧೀಶರ ಪೀಠ ಹೇಳಿತು. ನನ್ನ ಹಂಡೆಯೂ ಇದರೊಳಗೆ ಬರುತ್ತಿತ್ತೆಂಬುದು ನನಗೆ ತಿಳಿದದ್ದು ತಡವಾಗಿ. ಎಲ್ಲ ಠಾಣೆಗಳಲ್ಲಿಯೂ ದೃಶ್ಯದ ಜೊತೆಗೆ ಧ್ವನಿಯನ್ನೂ ಹಿಡಿಯುವ ಕ್ಯಾಮರಾಗಳನ್ನು ಇರಿಸಬೇಕೆಂದು 2020ರಲ್ಲಿ ಇನ್ನೊಂದು ಆದೇಶ ಬಂದಿತು.

ತೀರ್ಪುಗಳು ಒಂದೊಂದೇ ಗಂಟು. ಬೇಲಿಯನ್ನೇ ಹೊಸದಾಗಿ ಕಟ್ಟುವ ಆಲೋಚನೆ 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೋಲೀಸು ಆಯೋಗದ್ದು. ಅದರ ಅಧ್ಯಕ್ಷರು ಧರ್ಮವೀರರು. ಅದಕ್ಕೆ ಮುಂಚೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. 1979ರಿಂದ 1981ರವರೆಗೆ ಎಂಟು ವರದಿಗಳನ್ನು ಕೊಟ್ಟರು. ವರದಿಗಳು ಬೀರು ಸೇರಿದುವು. ಪೋಲೀಸು ಇಲಾಖೆಯಲ್ಲೇ ಮೇಲಿನ ಹುದ್ದೆಗಳಲ್ಲಿದ್ದು ನಿವೃತ್ತರಾದ ಪ್ರಕಾಶ್ ಸಿಂಗ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಹತ್ತು ವರ್ಷಗಳ ಮೇಲೆ, 2006ರ ಸೆಪ್ಟೆಂಬರ್ 22ರಂದು, ಏಳು ನಿರ್ದೇಶನಗಳು ಬಂದುವು. ಮುಖ್ಯಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷದ ಅವಧಿ, ತನಿಖೆಯೂ ಬಂದೋಬಸ್ತೂ ಬೇರೆಬೇರೆಯಾಗುವುದು, ವರ್ಗಾವಣೆಗೆ ಇಲಾಖೆಯದೇ ಮಂಡಳಿ. ಎಲ್ಲಕ್ಕಿಂತ ಮುಖ್ಯವಾಗಿ, ಪೋಲೀಸರ ಮೇಲಿನ ದೂರುಗಳನ್ನು ಕೇಳಲು ರಾಜ್ಯಕ್ಕೂ ಪ್ರತಿ ಜಿಲ್ಲೆಗೂ ನಿವೃತ್ತ ನ್ಯಾಯಾಧೀಶರ ನೇತೃತ್ವದ ಪ್ರಾಧಿಕಾರ. ನಮ್ಮ ರಾಜ್ಯ 1963ರ ಪೋಲೀಸು ಕಾಯಿದೆಯನ್ನು 2012ರಲ್ಲಿ ತಿದ್ದಿ ಇಂಥ ಪ್ರಾಧಿಕಾರಗಳಿಗೆ ಎಡೆಮಾಡಿಕೊಟ್ಟಿತು. ಆದರೆ ಇದು ಎಷ್ಟು ಜನಕ್ಕೆ ಗೊತ್ತು? ನನ್ನ ಸಹೋದ್ಯೋಗಿಗಳನ್ನು ಕೇಳಿದೆ, ಎಂ.ಎ. ಮಾಡಿದವರಲ್ಲಿ ಒಬ್ಬರೂ ಹೆಸರು ಕೇಳಿರಲಿಲ್ಲ. ಕೆಲವು ರಾಜ್ಯಗಳಲ್ಲಿ ಸೇವೆಯಲ್ಲಿರುವ ಪೋಲೀಸು ಅಧಿಕಾರಿಗಳೇ ಇಂಥ ಪ್ರಾಧಿಕಾರದ ಸದಸ್ಯರು. ‘ತಹಸೀಲ್ದಾರರಿಗೆ ಕಳಿಸಿದೆ’ ಎಂಬ 1855ರ ಷರಾ ಮತ್ತೆ ಕಣ್ಣಮುಂದೆ ನಿಲ್ಲುತ್ತದೆ.

ಒಂದು ಮಾತನ್ನು ಮರೆಯಬಾರದು. ತಳವಾರನಿಂದ ಲೆಕ್ಕ ಕೇಳಿದ ಊರು ಅವನಿಗೆ ಆಯವನ್ನೂ ಅಳೆದುಕೊಡುತ್ತಿತ್ತು. ಹಬ್ಬಹುಣ್ಣಿಮೆಯಿಲ್ಲದೆ, ರಜೆಯಿಲ್ಲದೆ, ನಾವು ತೇರು ನೋಡುವಾಗ ನಮಗೆ ಬೆನ್ನುಹಾಕಿ ನಿಂತಿರುವ ಕಾನ್‌ಸ್ಟೇಬಲನ ದಣಿವನ್ನು ಕೇಳದೆ ಅವನ ತಪ್ಪನ್ನು ಮಾತ್ರ ಕೇಳುವುದು ನ್ಯಾಯವಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೇ ಹಲವರು ಆ ಕೆಲಸದಲ್ಲಿದ್ದಾರೆ. ಮೇಲಿನವರ ಬಾಯಿಗೆ ಹೆದರಿ ಬದುಕುವವನು ಕೆಳಗಿನವರಿಗೆ ಮೃದುವಾಗಿರುವುದು ಸುಲಭವಲ್ಲ. ಬೇಲಿಗೆ ನೀರು ಗೊಬ್ಬರವನ್ನು ಯಾರೂ ಹಾಕುವುದಿಲ್ಲ. ಹೊಲ ಮೇಯ್ದಾಗ ಮಾತ್ರ ಎಲ್ಲರ ಕಣ್ಣಿಗೂ ಬೀಳುತ್ತದೆ.

ಕಳೆದ ವರ್ಷ ನಮ್ಮ ಬೀದಿಗೆ ಸೊಪ್ಪು ತರುವಾಕೆಯ ತಳ್ಳುಗಾಡಿ ಕಳುವಾಯಿತು. “ಠಾಣೆಗೆ ಹೋಗಮ್ಮ” ಎಂದರೆ, “ಅಯ್ಯೋ, ನಾನಾ? ಬೇಡಿ ಸ್ವಾಮಿ” ಎಂದಳು. ನಾನು ಜೊತೆಗೆ ಹೋದೆ. ಸುಳ್ಳೇಕೆ ಹೇಳಲಿ, ಅಂಗೈ ಈ ಸಲವೂ ಬೆವರಿತು. ಒಳಗೆ ಚಿಕ್ಕ ವಯಸ್ಸಿನ ಹೆಣ್ಣುಮಗಳೊಬ್ಬಳು ಕರ್ತವ್ಯದಲ್ಲಿದ್ದಳು. ಒಂದು ಅರ್ಜಿ ಕೊಟ್ಟುಹೋಗಿ ಎಂದಾಗ, ದಾಖಲಿಸಿ ನಕಲು ಕೊಡಬೇಕಲ್ಲವೇ ತಾಯಿ ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಸೊಪ್ಪಿನಾಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಹೇಳಿದ್ದನ್ನೆಲ್ಲ ಬರೆದುಕೊಂಡು, ಓದಿ ಹೇಳಿ, ನಕಲನ್ನು ಕೈಗೆ ಕೊಟ್ಟಳು. ಹೊರಗೆ ಬಂದ ಮೇಲೆ ಆಕೆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅವಳಿಗೆ ಓದು ಬರುವುದಿಲ್ಲ. “ಇದರಲ್ಲಿ ಏನೈತೆ ಸ್ವಾಮಿ?” ಎಂದು ಕೇಳಿದಳು.

ಗಾಡಿ ಕಳೆದದ್ದು ನಿಜವೆಂದಿದೆ, ಹುಡುಕುವವರು ಯಾರೆಂದು ಅವರ ಹೆಸರಿದೆ ಎಂದೆ. ಅವಳು ಅದನ್ನು ನಾಲ್ಕಾಗಿ ಮಡಿಸಿ ಎಲೆಯಡಿಕೆಯ ಚೀಲದಲ್ಲಿಟ್ಟುಕೊಂಡಳು.

ಮನೆಗೆ ಬಂದು ತಾಯಿಗೆ ಹೇಳಿದೆ. ನಮ್ಮ ಹಂಡೆಯಂತೂ ಬರಲಿಲ್ಲ. ಆ ಗಾಡಿಯೂ ಈವರೆಗೆ ಸಿಕ್ಕಿಲ್ಲ. “ಹೋದರೆ ಹೋಗಲಿ, ಹೊಣೆ ಯಾರೆಂದಾದರೂ ಬರೆದರಲ್ಲ” ಎಂದು ತಾಯಿ ಒಳಗೆ ಹೋದರು.